ಹಮೀದಾಕ ಸಹಿ ಹಾಕಿದ ಮಕ್ಕಳು

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗಳು ಮನೆಗೆ ಬಂದಿದ್ದಳು. ಮೊಬೈಲಿನಲ್ಲಿ ಆಡುವ ಸಣ್ಣ ಸಣ್ಣ ಆಟಗಳನ್ನು ಮಾಡುವ ಮಂಗಳೂರಿನ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿದೆ. ಆಡುವವರ ವಯಸ್ಸು ಇಷ್ಟೇ ಎಂದು ಖಾತ್ರಿ ಮಾಡಿಕೊಳ್ಳಬೇಕೆಂಬ ಕಾನೂನುಗಳಿಂದ ತಲೆ ಚಿಟ್ಟು ಹಿಡಿದಿದೆ ಎಂದಳು. ಆಮೇಲೆ, "ನಿಮ್ಮ ಕಾಲದಲ್ಲಿ ಇದೆಲ್ಲ ಇರ್ಲಿಲ್ಲ ಅಲ್ವಾ ಆಂಟಿ, ನಿಮಗೆ ಆರಾಮ" ಎಂದಳು. ನನ್ನ ಬಾಯಲ್ಲಿದ್ದ ಚಹಾ ನೆತ್ತಿಗೇರಿತು. ಆರಾಮವಂತೆ.

ಅವಳಿಗೆ ಅರ್ಧ ಹೇಳುವಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತು. ಉಳಿದದ್ದನ್ನು ಇಲ್ಲಿ ಬರೆದಿಡುತ್ತೇನೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದರಿಂದ ಯಾರಿಗೂ ಉಪಯೋಗವಿಲ್ಲ, ಅದನ್ನು ಬಿಟ್ಟುಬಿಡುತ್ತೇನೆ. ಈ ಕೆಲಸಕ್ಕೆ ಸೇರುವವರಿಗೆ ಗೊತ್ತಿರಬೇಕಾದದ್ದು ಪಾಣೆಮಂಗಳೂರಿನ ಹಮೀದಾಕನಿಗೆ ಏನಾಯಿತು ಎಂಬುದು. ಆದರೆ ಅಲ್ಲಿಗೆ ಹೋಗಲು ಮೂಡುಬಿದಿರೆಯಿಂದಲೇ ಹೊರಡಬೇಕು.

ತೊಂಬತ್ತರ ದಶಕದಲ್ಲಿ ಮೂಡುಬಿದಿರೆಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಕಲಿಸುವ ಕೆಲಸಕ್ಕೆ ಸೇರಿದೆ. ಯಜಮಾನರು ಪ್ರಭುಗಳು. ಅದಕ್ಕೆ ಮೊದಲು ಅವರದು ಜವಳಿ ಅಂಗಡಿ. ಕಂಪ್ಯೂಟರ್ ಮುಟ್ಟಲು ಅವರಿಗೇ ಹೆದರಿಕೆ. ಚಪ್ಪಲಿ ಹೊರಗೆ ಬಿಟ್ಟು ಕೈ ತೊಳೆದು ಒಳಗೆ ಬರಬೇಕು ಎಂಬುದು ಅವರ ನಿಯಮ, ಏಕೆಂದರೆ ವೈರಸ್ ಬರುವುದು ಧೂಳಿನಿಂದ ಎಂದು ಅವರು ನಂಬಿದ್ದರು. ನಾನು ನಕ್ಕರೆ, "ನೀವು ನಗಿ ಟೀಚರ್. ಯಂತ್ರ ಹಾಳಾದ್ರೆ ಅಳುವುದು ನಾನಲ್ವಾ" ಎನ್ನುತ್ತಿದ್ದರು. ಅವರ ಮಾತಿಗೆ ಸಿಟ್ಟು ಬರುತ್ತಿತ್ತು, ಆದರೆ ಅವರ ಮೇಲೆ ಸಿಟ್ಟು ನಿಲ್ಲುತ್ತಿರಲಿಲ್ಲ.

ಬೆಳ್ತಂಗಡಿಯಲ್ಲಿ ನಮ್ಮ ಶಾಖೆ ಸುರುವಾದಾಗ ಶಾಲೆಯೊಂದರ ಮಕ್ಕಳ ವಿವರವನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಡುವ ಕೆಲಸ ಸಿಕ್ಕಿತು. ಹಾಕಿ ಮುಗಿಸಿ ಹುಟ್ಟಿದ ದಿನದ ಪ್ರಕಾರ ಸಾಲಾಗಿ ಜೋಡಿಸಿದೆ. ನೋಡಿದರೆ ಹೆಚ್ಚುಕಡಿಮೆ ಅರ್ಧ ಶಾಲೆ ಜೂನ್ ಒಂದನೇ ತಾರೀಕಿಗೆ ಹುಟ್ಟಿದೆ. ನನ್ನ ಪ್ರೋಗ್ರಾಮಿನಲ್ಲೇ ಏನೋ ಹುಳುಕು ಎಂದುಕೊಂಡು ಎರಡು ದಿನ ಊಟ ಸೇರಲಿಲ್ಲ. ಪ್ರಭುಗಳು ಯಂತ್ರದ ಮೇಲಿನ ಧೂಳು ಒರೆಸಲು ಬಂದರು. ಕೊನೆಗೆ ಧೈರ್ಯ ಮಾಡಿ ಹೆಡ್‌ಮಾಷ್ಟ್ರ ಬಳಿ ಹೋಗಿ ಕೇಳಿದೆ.

"ಅದು ಸರಿಯೇ ಉಂಟಲ್ಲ," ಎಂದರು ಅವರು, ಕನ್ನಡಕದ ಮೇಲಿಂದ ನೋಡುತ್ತಾ. "ಮಗು ಹುಟ್ಟಿದಾಗ ಎಷ್ಟು ಮಳೆ ಇತ್ತು ಅಂತ ತಾಯಿಗೆ ನೆನಪುಂಟು, ತಾರೀಕು ನೆನಪಿಲ್ಲ. ಶಾಲೆ ಸುರುವಾಗುವ ದಿನಕ್ಕೆ ವಯಸ್ಸು ಸರಿ ಆಗ್ಬೇಕು. ಹಾಗೆ ನಾನೇ ಕೊಟ್ಟದ್ದು."

ವಯಸ್ಸು ಎಂದರೆ ದೇವರು ಕೊಡುವುದು ಎಂದು ನಾನು ತಿಳಿದಿದ್ದೆ. ನಮ್ಮಲ್ಲಿ ಅದನ್ನು ಹೆಡ್‌ಮಾಷ್ಟ್ರು ಕೊಡುತ್ತಿದ್ದರು. ನಾನು ಬೆಪ್ಪಾಗಿ ಬಸ್ಸು ಹತ್ತಿದೆ.

ಇಂಟರ್ನೆಟ್ ಬಂದು, ಎರಡು ಸಾವಿರದ ಇಸವಿಯನ್ನೂ ದಾಟಿದ ಮೇಲೆ, ಮಳೆಗಾಲದಲ್ಲಿ ವಿದ್ಯಾರ್ಥಿಗಳು ಕಡಿಮೆಯಾಗಿ ಕೈ ಖಾಲಿ ಇದ್ದ ಒಂದು ಆಟಿ ತಿಂಗಳಲ್ಲಿ ನಾನು ಚೆನ್ನೆಮಣೆ ಆಟವನ್ನು ಕಂಪ್ಯೂಟರಿಗೆ ಇಳಿಸಿದೆ. ಉದ್ದನೆಯ ಮಣೆ, ಎರಡು ಸಾಲಿನಲ್ಲಿ ಏಳೇಳು ಗುಳಿ, ಗುಳಿಗೆ ನಾಲ್ಕರಂತೆ ಕೆಂಪು ಕಾಯಿ. ಒಬ್ಬರು ಬಂಟ್ವಾಳದಲ್ಲಿ ಕೂತು, ಇನ್ನೊಬ್ಬರು ಮಸ್ಕತ್ತಿನಲ್ಲಿ ಕೂತು ಆಡಬಹುದು. ನಾನು ತಮಾಷೆಗೆ ಮಾಡಿದ್ದು. ಆದರೆ ಗಲ್ಫಿನಲ್ಲಿದ್ದ ನಮ್ಮೂರಿನ ಗಂಡಸರಿಗೆ ಅದು ಹೇಗೋ ಗೊತ್ತಾಗಿಬಿಟ್ಟಿತು. ಶುಕ್ರವಾರ ಅವರಿಗೆ ರಜೆ. ಆವತ್ತು ಸಂಜೆ ಅವರು ಅಲ್ಲಿಂದ, ಮಕ್ಕಳು ಇಲ್ಲಿಂದ ಆಡತೊಡಗಿದರು. ಗಲ್ಫ್‌ ಫೋನಿನಲ್ಲಿ ಎರಡು ಮಾತಾಡುವಷ್ಟರಲ್ಲಿ ಹಣ ಮುಗಿಯುತ್ತಿದ್ದ ಕಾಲ ಅದು. ಅಪ್ಪನ ಜೊತೆ ಒಂದು ಗಂಟೆ ಕೂತ ಹಾಗೆ ಆಗುತ್ತಿದ್ದದ್ದು ಇದೊಂದರಲ್ಲೇ.

ಆಟ ಸುರುವಾದ ವಾರದಲ್ಲೇ ನರಿಕೊಂಬಿನಿಂದ ಅಜ್ಜಿಯೊಬ್ಬರ ಫೋನ್ ಬಂತು. "ಟೀಚರೇ, ಅಕ್ಕ ತಂಗಿ ಎದುರುಬದುರು ಕೂತು ಚೆನ್ನೆ ಆಡ್ಲಿಕ್ಕಿಲ್ಲ ಅಂತ ನಿಮ್ಮ ಕಂಪ್ಯೂಟರಿಗೆ ಗೊತ್ತಿಲ್ವಾ? ನಮ್ಮ ಮನೆಯ ಎರಡು ಹುಡುಗಿಯರು ಆಡ್ತಾ ಇದ್ದಾರೆ. ನಾಳೆ ಎಂತದಾದ್ರೂ ಆದ್ರೆ ನೀವು ಬರ್ತೀರಾ?" ನಮ್ಮ ಕಡೆ ಅಂಥದ್ದೊಂದು ನಿಷೇಧ ಇರುವುದು ನನಗೂ ಗೊತ್ತಿತ್ತು, ಆದರೆ ಯಂತ್ರಕ್ಕೂ ಅದು ಅನ್ವಯಿಸುತ್ತದೆ ಎಂದು ಹೊಳೆದಿರಲಿಲ್ಲ. ಪ್ರಭುಗಳು ಗಾಬರಿಯಾಗಿ, "ಹಾಕಿಬಿಡಿ ಟೀಚರ್, ಹಾಕಿಬಿಡಿ" ಎಂದರು. ಹಾಗಾಗಿ ಆಟ ತೆರೆಯುವ ಮೊದಲು "ನೀವಿಬ್ಬರು ಅಕ್ಕ ತಂಗಿಯರೇ?" ಎಂಬ ಪ್ರಶ್ನೆ ಬರುವಂತೆ ಮಾಡಿದೆ. ಹೌದು ಎಂದರೆ ಮಣೆ ಮುಚ್ಚಿಕೊಳ್ಳುತ್ತಿತ್ತು. ನಮ್ಮ ಆಟದ ಮೊದಲ ಸುರಕ್ಷತಾ ಕಾನೂನು ಅದು.

ನಗುವ ವಿಷಯ ಅಲ್ಲಿಗೆ ಮುಗಿಯಿತು. ಮಣೆಯ ಕೆಳಗೆ ಮಾತು ಬರೆದು ಕಳಿಸುವ ಒಂದು ಜಾಗ ಇಟ್ಟಿದ್ದೆ. ಅದರಲ್ಲಿ ಬಂದದ್ದನ್ನು ಆಗಾಗ ಓದುತ್ತಿದ್ದೆ. 'ಪುಟ್ಟ, ಹನ್ನೊಂದು ವರ್ಷ' ಎಂದು ಹೇಳಿಕೊಂಡ ಒಬ್ಬನು ಹೆಣ್ಣುಮಕ್ಕಳ ಜೊತೆ ಮಾತ್ರ ಆಡುತ್ತಿದ್ದ. ಯಾವ ಶಾಲೆ, ಯಾವ ದಾರಿಯಲ್ಲಿ ಹೋಗುವುದು ಎಂದು ಕೇಳುತ್ತಿದ್ದ. ಒಂದು ದಿನ ಒಬ್ಬಳಿಗೆ, ಮಧ್ಯಾಹ್ನ ಮನೆಯಲ್ಲಿ ಯಾರಿರುತ್ತಾರೆ ಎಂದು ಬರೆದಿದ್ದ. ಹನ್ನೊಂದು ವರ್ಷದ ಯಾವ ಹುಡುಗ ಇದನ್ನು ಕೇಳುತ್ತಾನೆ? ಅವನನ್ನು ಕೂಡಲೇ ಹೊರಹಾಕಿದೆ. ಆ ಹುಡುಗಿಯ ಮನೆಗೆ ಹೋಗಿ ತಾಯಿಗೆ ಹೇಳಿ ಬಂದೆ. ಮಾತು ಬರೆಯುವ ಜಾಗವನ್ನೇ ಕಿತ್ತುಹಾಕಿ, ಒತ್ತಿದರೆ ಹೋಗುವ ಕೆಲವು ಸಿದ್ಧ ಮಾತುಗಳನ್ನಷ್ಟೇ ಇಟ್ಟೆ: 'ನಿನ್ನ ಸರದಿ', 'ಚೆನ್ನಾಗಿ ಆಡಿದೆ', 'ಊಟ ಆಯ್ತಾ'. ಗಲ್ಫಿನ ಅಪ್ಪಂದಿರು ಆಟದುದ್ದಕ್ಕೂ 'ಊಟ ಆಯ್ತಾ' ಒತ್ತುತ್ತಲೇ ಇರುತ್ತಿದ್ದರು. ಆ ಪುಟ್ಟ ಯಾರು, ಎಲ್ಲಿಯವನು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.

ಇದನ್ನು ಯಾಕೆ ಹೇಳಿದೆನೆಂದರೆ, ವಯಸ್ಸು ಕೇಳುವ ಕಾನೂನು ನಮ್ಮ ತನಕ ಬಂದಾಗ ನಾನು ಅದರ ವಿರುದ್ಧ ಇರಲಿಲ್ಲ. ಬರಬೇಕಾದದ್ದೇ ಬಂತು ಎಂದುಕೊಂಡೆ.

ನಮ್ಮ ಆಟ ಇದ್ದದ್ದು ಅಮೆರಿಕದಲ್ಲಿ ಬಾಡಿಗೆಗೆ ಪಡೆದ ಕಂಪ್ಯೂಟರ್ ಜಾಗದಲ್ಲಿ. ಆಗ ಅಗ್ಗಕ್ಕೆ ಸಿಗುತ್ತಿದ್ದದ್ದು ಅಲ್ಲೇ. ಬಾಡಿಗೆ ಕೊಟ್ಟ ಕಂಪನಿಯಿಂದ ಒಂದು ಈ-ಮೇಲ್ ಬಂತು. ಅಲ್ಲಿನ ಕಾನೂನಿನ ಪ್ರಕಾರ, ಹದಿಮೂರಕ್ಕಿಂತ ಕೆಳಗಿನ ಮಕ್ಕಳು ಆಡುವುದಾದರೆ ಪ್ರತಿ ಮಗುವಿಗೂ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಫ್ಯಾಕ್ಸ್ ಮಾಡಬೇಕು. ಇಲ್ಲವಾದರೆ ಮಕ್ಕಳನ್ನು ತೆಗೆಯಿರಿ, ಅದೂ ಆಗದಿದ್ದರೆ ಆಟವನ್ನೇ ತೆಗೆಯಿರಿ. ದೊಡ್ಡ ಕಂಪನಿಗಳಿಗೆ ಇಂಥದ್ದನ್ನು ನೋಡಿಕೊಳ್ಳಲು ವಕೀಲರ ಸಾಲೇ ಇರುತ್ತದೆ. ನಮಗೆ ಇದ್ದದ್ದು ಪ್ರಭುಗಳು.

ಈಗ ಹಮೀದಾಕನ, ಎಂದರೆ ಬೀದಿಗೆಲ್ಲ ಕಾಕನಾಗಿದ್ದ ಹಮೀದರ ವಿಷಯ. ಪಾಣೆಮಂಗಳೂರು ಪೇಟೆಯಲ್ಲಿ ಅವರದು ಫೋನ್ ಬೂತು, ಜೊತೆಗೆ ಪುಸ್ತಕ-ಪೆನ್ನಿನ ಅಂಗಡಿ. ಆ ಬೀದಿಯಲ್ಲಿ ಫ್ಯಾಕ್ಸ್ ಇದ್ದದ್ದು ಅವರಲ್ಲಿ ಮಾತ್ರ. ನಮ್ಮ ಕೇಂದ್ರದ ಎರಡು ಕಂಪ್ಯೂಟರುಗಳನ್ನು ಅವರ ಅಂಗಡಿಯ ಒಳಕೋಣೆಯಲ್ಲಿ ಇಟ್ಟಿದ್ದೆವು. ಮಕ್ಕಳು ಚೆನ್ನೆ ಆಡುತ್ತಿದ್ದದ್ದು ಅಲ್ಲೇ. ನೇತ್ರಾವತಿ ಉಕ್ಕಿ ಪೇಟೆಗೆ ನೀರು ಬಂದ ವರ್ಷ ಹಮೀದಾಕ ತಮ್ಮ ಪುಸ್ತಕದ ಕಟ್ಟುಗಳನ್ನು ನೀರಿಗೆ ಬಿಟ್ಟು ಮೊದಲು ನಮ್ಮ ಕಂಪ್ಯೂಟರುಗಳನ್ನು ಅಟ್ಟಕ್ಕೇರಿಸಿದ್ದರು. ನಾನು ಬೈದರೆ, "ಪುಸ್ತಕ ನನ್ನದು, ಹೋಗ್ಲಿ. ಇದು ಬೇರೆಯವರದ್ದಲ್ವಾ ಟೀಚರ್" ಎಂದಿದ್ದರು.

ಆ ಬೀದಿಯ ಅರ್ಧಕ್ಕರ್ಧ ಮನೆಗಳಲ್ಲಿ ಗಂಡಸರು ಗಲ್ಫಿನಲ್ಲಿ. ಬ್ಯಾರಿ ಮುಸ್ಲಿಮರ ಮನೆ, ಬಂಟರ ಮನೆ ಎಂಬ ಭೇದವಿಲ್ಲದೆ ಎಲ್ಲರಿಗೂ ಫೋನ್ ಬರುತ್ತಿದ್ದದ್ದು ಹಮೀದಾಕನ ಬೂತಿಗೆ. ಮಗುವಿಗೆ ಜ್ವರ ಬಂದರೆ ಡಾಕ್ಟರ ಬಳಿಗೆ ಹೋಗುವವರು ಅವರು, ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕುವವರು ಅವರು. ಶಾಲೆಯವರೂ ಅದನ್ನು ಒಪ್ಪಿಕೊಂಡಿದ್ದರು. ನನಗೂ ಇದರಲ್ಲಿ ವಿಶೇಷ ಕಂಡಿರಲಿಲ್ಲ. ನಮ್ಮ ಅಪ್ಪ ಮನೆಯಲ್ಲೇ ಪೇಪರ್ ಓದುತ್ತಾ ಕೂತಿರುವಾಗಲೂ ನನ್ನ ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕುತ್ತಿದ್ದವರು ಅಮ್ಮನ ಅಣ್ಣ. ನಮ್ಮ ಕುಟುಂಬದಲ್ಲಿ ಮಕ್ಕಳ ವಿಷಯಕ್ಕೆ ಮಾವನದೇ ಮಾತು. ಹೊರಗಿನ ಕಾಗದಕ್ಕೆ ಯಾರು ಸಹಿ ಹಾಕಬೇಕು ಎಂದರೆ ಮಕ್ಕಳ ಮೇಲೆ ಮಾತು ನಡೆಯುವ ಹಿರಿಯರು ಯಾರಿದ್ದಾರೋ ಅವರು. ಅಪ್ಪನೇ ಯಾಕೆ ಎಂದು ಕೇಳಿದರೆ ನಮಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ.

ಕಂಪನಿ ಕಳಿಸಿದ ಒಪ್ಪಿಗೆ ಪತ್ರದಲ್ಲಿ ಇದ್ದದ್ದು ಒಂದೇ ಜಾಗ: ತಂದೆ ಅಥವಾ ತಾಯಿ. ನಾನು ಪತ್ರಗಳನ್ನು ತೆಗೆದುಕೊಂಡು ಪಾಣೆಮಂಗಳೂರಿಗೆ ಹೋದೆ. ತಾಯಂದಿರು ಮಕ್ಕಳ ಕೈಹಿಡಿದು ಬಂದು, "ನೀವೇ ಹಾಕಿ ಹಮೀದಾಕ" ಎಂದರು. ತಾಯಂದಿರೇ ಹಾಕಿದರೆ ಒಳ್ಳೆಯದು ಎಂದು ನಾನು ಹೇಳಿನೋಡಿದೆ. ಎದುರು ಮನೆಯ ಭಾರತಿ ಕೈ ಹಿಂದೆ ಎಳೆದುಕೊಂಡಳು. ಅವಳ ಗಂಡ ವಿಶ್ವನಾಥ ಮಸ್ಕತ್ತಿನಲ್ಲಿದ್ದ.

"ಇಂಗ್ಲಿಷ್ ಕಾಗದಕ್ಕೆ ನಾನು ಸಹಿ ಹಾಕಿ, ನಾಳೆ ಎಂತದಾದ್ರೂ ಆದ್ರೆ ಇವರು ನನಗೇ ಬೈತಾರೆ. ಹಮೀದಾಕ ಹಾಕಿದ್ರೆ ಇವರು ಎಂತ ಹೇಳ್ಲಿಕ್ಕೂ ಇಲ್ಲ."

ಪ್ರಭುಗಳಿಗೆ ಫೋನ್ ಮಾಡಿ ಕೇಳಿದೆ. "ಸಹಿ ಅಂದ್ರೆ ಸಹಿ ಮಾರಾಯ್ರೇ, ಯಾರದ್ದಾದ್ರೆ ಎಂತ. ಕಳಿಸುವ" ಎಂದರು.

ಹಮೀದಾಕ ಕೈ ತೊಳೆದು ಬಂದು, ಕನ್ನಡಕ ಹಾಕಿ, ಒಂದೊಂದು ಪತ್ರವನ್ನೂ ಮೇಜಿನ ಮೇಲೆ ನೇರ ಇಟ್ಟು ಸಹಿ ಹಾಕಿದರು. ಪ್ರತಿ ಮಗುವಿನ ಹೆಸರನ್ನೂ ಜೋರಾಗಿ ಓದಿದರು. ತಮ್ಮ ಫ್ಯಾಕ್ಸಿನಿಂದಲೇ ಒಂದರ ಹಿಂದೆ ಒಂದು ಕಳಿಸಿದರು. ಕೊನೆಯದು ಹೋದ ಮೇಲೆ, "ಅಮೆರಿಕಕ್ಕೂ ನನ್ನ ಸಹಿ ಹೋಯ್ತು ಟೀಚರ್" ಎಂದು ನಕ್ಕರು. ಎಲ್ಲ ಮಕ್ಕಳಿಗೂ ಒಂದೊಂದು ಪೆನ್ಸಿಲ್ ಕೊಟ್ಟರು.

ಕೆಲವು ವಾರ ಏನೂ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ಆಟ ತೆರೆಯಲಿಲ್ಲ. ನನ್ನ ಈ-ಮೇಲಿನಲ್ಲಿ ಕಂಪನಿಯ ಪತ್ರ ಇತ್ತು. ಒಬ್ಬನೇ ಗಂಡಸು, ಒಂದಕ್ಕೊಂದು ಸಂಬಂಧವಿಲ್ಲದ ಹೆಸರುಗಳ ಅಷ್ಟೊಂದು ಮಕ್ಕಳಿಗೆ ತಾನೇ ತಂದೆ ಎಂದು ಹೇಳಿಕೊಂಡಿದ್ದಾನೆ. ಎಲ್ಲ ಪತ್ರಗಳೂ ಒಂದೇ ನಂಬರಿನಿಂದ ಬಂದಿವೆ. ಆ ಮಕ್ಕಳೆಲ್ಲ ಆಡುವುದು ಅವನದೇ ಜಾಗದಿಂದ. ಮಕ್ಕಳ ಹಿತದೃಷ್ಟಿಯಿಂದ ಆಟವನ್ನು ನಿಲ್ಲಿಸಿದ್ದೇವೆ ಮತ್ತು ಸಂಬಂಧಪಟ್ಟವರಿಗೆ ತಿಳಿಸಿದ್ದೇವೆ.

ನಾನು ಮತ್ತೆ ಮತ್ತೆ ಓದಿದೆ. ಅರ್ಥವಾಯಿತು, ಆದರೆ ಅರ್ಥವಾದದ್ದನ್ನು ನಂಬಲಾಗಲಿಲ್ಲ. ಆ ಪುಟ್ಟನನ್ನು ನಾನು ಯಾವ ಜಾತಿಯ ಮನುಷ್ಯ ಎಂದುಕೊಂಡಿದ್ದೆನೋ, ಅವರು ಹಮೀದಾಕನನ್ನು ಅದೇ ಜಾತಿಗೆ ಸೇರಿಸಿದ್ದರು. ಪ್ರಭುಗಳಿಗೆ ಹೇಳಬೇಕಿತ್ತು. ಆ ಮಾತಿಗೆ ಕನ್ನಡದಲ್ಲೂ ತುಳುವಿನಲ್ಲೂ ನನ್ನ ನಾಲಿಗೆ ಹೊರಳಲಿಲ್ಲ. ಕೊನೆಗೆ, "ಮಕ್ಕಳಿಗೆ ಕೆಟ್ಟದು ಮಾಡುವವರು ಅಂತ ಸಂಶಯ ಪಟ್ಟಿದ್ದಾರೆ" ಎಂದೆ.

ಪ್ರಭುಗಳು ಕುರ್ಚಿ ಹುಡುಕಿಕೊಂಡು ಕುಳಿತರು. "ನಮ್ಮ ಹಮೀದಾಕ? ಅವರಿಗೆ ಮರುಳಾ ಟೀಚರ್?"

ನಾನು ಕಂಪನಿಗೆ ಉದ್ದದ ಉತ್ತರ ಬರೆದೆ. ಗಲ್ಫ್ ಎಂದರೇನು, ಮಾವ ಎಂದರೇನು, ಬೀದಿಯ ಹಿರಿಯರು ಎಂದರೇನು ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ವಿವರಿಸಿದೆ. ಅವರು ಸಭ್ಯವಾಗಿಯೇ ಉತ್ತರಿಸಿದರು: ಪ್ರತಿ ಮಗುವಿಗೂ ಈ ವ್ಯಕ್ತಿಯೇ ಪಾಲಕ ಎಂಬ ನ್ಯಾಯಾಲಯದ ಆದೇಶವನ್ನು ಕಳಿಸಿಕೊಡಿ. ಅವರ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ಆದರೆ ಅವರ ಕುರ್ಚಿಯಲ್ಲಿ ನಾನು ಕೂತಿದ್ದು, ಎದುರಿಗೆ ಆ ಪತ್ರಗಳ ಕಟ್ಟು ಬಿದ್ದಿದ್ದರೆ? ಹಮೀದಾಕನನ್ನು ನೋಡಿರದಿದ್ದರೆ? ನಾನೂ ಅದನ್ನೇ ಮಾಡುತ್ತಿದ್ದೆ. ಇದು ಹೊಳೆದಾಗ ಸಿಟ್ಟಿಗಿಂತ ಹೆಚ್ಚು ಹೆದರಿಕೆಯಾಯಿತು.

ಹಮೀದಾಕನಿಗೆ ನಾವು, ಯಂತ್ರ ಕೆಟ್ಟಿದೆ ಎಂದಷ್ಟೇ ಹೇಳಿದ್ದೆವು. ಆ ಮಾತು ಅವರ ಕಿವಿಗೆ ಬೀಳದೆ ಹೋದರೆ ಸಾಕು ಎಂದು ನಾನು ಹರಕೆ ಹೊತ್ತುಕೊಂಡೆ. ಅವರಿಗೆ ಆ ಬೀದಿಯಲ್ಲಿ ಇದ್ದ ಆಸ್ತಿ ಎಂದರೆ ಅವರ ಹೆಸರು. ಆ ಹೆಸರಿನ ಬಲದಿಂದಲೇ ಅಷ್ಟು ಮನೆಗಳು ನಿಶ್ಚಿಂತೆಯಿಂದ ಇದ್ದವು.

ಆದರೆ ಆ ದೂರು ಎಲ್ಲೆಲ್ಲೋ ಸುತ್ತಿ ಒಂದು ದಿನ ಪಾಣೆಮಂಗಳೂರಿಗೆ ಬಂತು. ಇಬ್ಬರು ಪೊಲೀಸ್ ಅಧಿಕಾರಿಗಳು ಮಫ್ತಿಯಲ್ಲಿ ಬಂದಿದ್ದರು. ನನ್ನನ್ನೂ ಬರಹೇಳಿದ್ದರು. ಅವರು ದರ್ಪ ತೋರಿಸಲಿಲ್ಲ, ಅದನ್ನು ಹೇಳಲೇಬೇಕು. ಹಿರಿಯ ಅಧಿಕಾರಿ ಕಾಗದ ಬಿಡಿಸಿ, "ಇಷ್ಟು ಮಕ್ಕಳಿಗೆ ನೀವು ಎಂತ ಆಗ್ಬೇಕು?" ಎಂದು ಕೇಳಿದರು.

"ಎಂತ ಆಗ್ಬೇಕು ಅಂದ್ರೆ?" ಹಮೀದಾಕ ನಗುತ್ತಲೇ ಇದ್ದರು. ಬಂದವರು ಅಂಗಡಿ ತೆರಿಗೆಯವರು ಎಂದುಕೊಂಡಿದ್ದರು. ಕಾಗದದ ಹೆಸರುಗಳ ಮೇಲೆ ಬೆರಳಿಟ್ಟು ಹೇಳಿದರು: "ಇವ ನನ್ನ ತಂಗಿಯ ಮೊಮ್ಮಗ. ಇವಳು ಎದುರು ಮನೆಯ ವಿಶ್ವನಾಥನ ಮಗಳು. ಇವನ ಅಪ್ಪ ಸೌದಿಯ ಜುಬೈಲಿನಲ್ಲಿ ಇದ್ದಾನೆ..."

"ಎಲ್ಲರಿಗೂ ತಂದೆ ಅಂತ ಬರೆದಿದ್ದೀರಲ್ಲ?"

"ಬೇರೆ ಜಾಗ ಇರ್ಲಿಲ್ಲ ಸಾರ್ ಅದರಲ್ಲಿ."

ಕಿರಿಯ ಅಧಿಕಾರಿ ಒಳಕೋಣೆಗೆ ಇಣುಕಿ ನೋಡಿ ಬಂದ. "ಮಕ್ಕಳು ಒಳಗೆ ಇರುವಾಗ ಈ ಬಾಗಿಲು ಹಾಕುವ ಕ್ರಮ ಉಂಟಾ?"

"ಮಳೆ ಬಂದ್ರೆ ಹಾಕುವುದು, ಇರಚಲು ಹೊಡಿತದೆ..." ಎಂದು ಹೇಳುತ್ತಾ ಹೇಳುತ್ತಾ ಹಮೀದಾಕ ನಿಲ್ಲಿಸಿದರು. ಪ್ರಶ್ನೆ ಅವರಿಗೆ ಅರ್ಥವಾಗುತ್ತಿರುವುದನ್ನು ನಾನು ಎದುರಿಗೇ ನಿಂತು ನೋಡಿದೆ. ಮೊದಲು ನಗು ಹೋಯಿತು. ಆಮೇಲೆ ಅವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ನನ್ನ ಇಡೀ ವೃತ್ತಿಯಲ್ಲಿ ಅದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿಲ್ಲ.

ಅಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ಅಂಗಡಿಯ ಎದುರು ಸೇರಿದ್ದರು. ಪತ್ರಕ್ಕೆ ಸಹಿ ಹಾಕಲು ಹೆದರಿದ್ದ ಭಾರತಿ ಅಧಿಕಾರಿಗಳ ಮುಖಕ್ಕೇ ಹೇಳಿದಳು: "ನನ್ನ ಮಗಳು ಆಸ್ಪತ್ರೆಯಲ್ಲಿದ್ದಾಗ ರಕ್ತ ಕೊಟ್ಟವರು ಇವರು. ಬೇರೆ ಎಂತ ಕೇಳ್ಲಿಕ್ಕೆ ಉಂಟು ನಿಮಗೆ?" ಅಧಿಕಾರಿಗಳಿಗೂ ವಿಷಯ ತಿಳಿಯಿತು. ಚಹಾ ಕುಡಿದರು. ಏನೂ ಇಲ್ಲ ಎಂದು ಬರೆದು ಕಳಿಸುತ್ತೇವೆ ಎಂದರು, ಹಾಗೆಯೇ ಮಾಡಿದರು. ಹೋಗುವಾಗ ಹಿರಿಯ ಅಧಿಕಾರಿ ಹಮೀದಾಕನ ಕೈ ಹಿಡಿದು ಕ್ಷಮೆಯನ್ನೂ ಕೇಳಿದರು.

ಆ ಬೀದಿಯಲ್ಲಿ ಒಬ್ಬರೂ ಆ ಮಾತನ್ನು ನಂಬಲಿಲ್ಲ. ಆದರೂ ಮಾತು ಒಮ್ಮೆ ಬೀದಿಗೆ ಬಂದಿತ್ತು. ಮಗುವನ್ನು ಅಂಗಡಿಯಲ್ಲಿ ಬಿಟ್ಟು ಹೋಗುತ್ತಿದ್ದ ತಾಯಿಯೊಬ್ಬಳು ಈಗ ಬಾಗಿಲಲ್ಲಿ ಕಾಯತೊಡಗಿದಳು. ಯಾಕೆ ಎಂದು ಕೇಳಿದರೆ, "ನನಗೆ ಸಂಶಯ ಇಲ್ಲ ಟೀಚರ್, ನೋಡುವವರು ಎಂತದಾದ್ರೂ ಹೇಳುವುದು ಬೇಡ ಅಂತ" ಎಂದಳು. ಗಲ್ಫಿನಿಂದ ಒಬ್ಬ ಫೋನ್ ಮಾಡಿ, ಇನ್ನು ಮುಂದೆ ಪ್ರೋಗ್ರೆಸ್ ಕಾರ್ಡಿಗೆ ನೀನೇ ಸಹಿ ಹಾಕು ಎಂದು ಹೆಂಡತಿಗೆ ಹೇಳಿದನಂತೆ. ಹೇಳಿದ್ದು ಹಮೀದಾಕನ ಬೂತಿಗೆ ಮಾಡಿದ ಫೋನಿನಲ್ಲೇ.

ನಾನು ಸುಮ್ಮನಿರಲಿಲ್ಲ. ಆಟ ಇಡಲು ಬೇರೆ ಕಂಪನಿಯಲ್ಲಿ ಬಾಡಿಗೆ ಜಾಗ ಹುಡುಕಿದೆ. ಬಂಟ್ವಾಳದ ವಕೀಲರೊಬ್ಬರ ಬಳಿ ಕೂತು ಕನ್ನಡದಲ್ಲಿ ಹೊಸ ಒಪ್ಪಿಗೆ ಪತ್ರ ಮಾಡಿಸಿದೆ. ತಾಯಿಗೆ ಒಂದು ಜಾಗ, ಮಾವನಿಗೆ ಒಂದು ಜಾಗ, ಮನೆಯವರು ನಂಬಿದ ಹಿರಿಯರಿಗೆ ಒಂದು ಜಾಗ. ತುಂಬ ಹೆಮ್ಮೆಯಾಗಿತ್ತು. ಬಿ.ಸಿ. ರೋಡಿನಲ್ಲಿ ಬಸ್ಸಿಳಿದು ಸೇತುವೆ ದಾಟಿ ಪಾಣೆಮಂಗಳೂರಿಗೆ ನಡೆದೇ ಹೋದೆ.

ಅಂಗಡಿಯ ಒಳಕೋಣೆಗೆ ಬೀಗ ಬಿದ್ದಿತ್ತು. ಕಂಪ್ಯೂಟರುಗಳಿಗೆ ಬಟ್ಟೆ ಸುತ್ತಿ ಜಗಲಿಯಲ್ಲಿ ಇಟ್ಟಿದ್ದರು, ತೆಗೆದುಕೊಂಡು ಹೋಗಿ ಎಂಬಂತೆ. ನಾನು ಹೊಸ ಪತ್ರ ತೋರಿಸಿ, ಎಲ್ಲ ಸರಿಯಾಯಿತು, ಶುಕ್ರವಾರದಿಂದ ಸುರು ಮಾಡುವ ಎಂದೆ. ಹಮೀದಾಕ ಪತ್ರವನ್ನು ಪೂರ್ತಿ ಓದಿದರು. ಚೆನ್ನಾಗಿ ಬರೆದಿದ್ದೀರಿ ಎಂದು ಹಿಂದಕ್ಕೆ ಕೊಟ್ಟರು.

ಆಗ ಅವರ ತಂಗಿಯ ಮೊಮ್ಮಗಳು, ಇನ್ನೂ ಶಾಲೆಗೆ ಸೇರದ ಶಮೀಮಾ, ಓಡುತ್ತಾ ಬಂದು ಮೆಟ್ಟಿಲಿಗೆ ಎಡವಿ ಬಿದ್ದಳು. ಮಂಡಿ ತರಚಿ ರಕ್ತ ಬಂತು. ಹಮೀದಾಕ ಕುರ್ಚಿಯಿಂದ ಎದ್ದರು. ಒಂದು ಹೆಜ್ಜೆ ಮುಂದೆ ಬಂದರು. ಅಲ್ಲೇ ನಿಂತರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅಂಗಡಿಯ ಹಿಂದಿನ ತಮ್ಮ ಮನೆಯ ಕಡೆ ತಿರುಗಿ ಹೆಂಡತಿಯನ್ನು ಕರೆದರು. ಉತ್ತರ ಬರಲಿಲ್ಲ. ಮಗು ನೆಲದಲ್ಲಿ ಕೂತು ಅವರನ್ನೇ ನೋಡುತ್ತಾ ಅಳುತ್ತಿತ್ತು. ಬೀದಿಯಲ್ಲಿ ಯಾರೂ ಇರಲಿಲ್ಲ, ನಾನೊಬ್ಬಳೇ ಇದ್ದದ್ದು.

"ಎತ್ತಿ ಹಮೀದಾಕ," ಎಂದೆ.

"ನೀವು ಎತ್ತಿ ಟೀಚರ್," ಎಂದರು ಅವರು. "ನೀವು ಹೆಂಗಸರು. ನೀವು ಮುಟ್ಟಿದ್ರೆ ಯಾರೂ ಕೇಳ್ಲಿಕ್ಕೆ ಬರುವುದಿಲ್ಲ."

ನಾನು ಎತ್ತಿಕೊಂಡೆ. ಮಗು ನನ್ನ ಹೆಗಲ ಮೇಲಿಂದ ಅವರ ಕಡೆಗೆ ಕೈ ಚಾಚುತ್ತಿತ್ತು. ಅವರು ಒಳಗೆ ಹೋಗಿ ಹತ್ತಿ ಮತ್ತು ಔಷಧಿ ತಂದು, ಜಗಲಿಯ ತುದಿಯಲ್ಲಿ ಇಟ್ಟು, ಹಿಂದಕ್ಕೆ ಸರಿದು ನಿಂತರು.